ಮೇಲ್ಸೇತುವೆ ಎತ್ತಿದ್ದು ಯಾರು

ದುಬೈಯಲ್ಲಿ ಏನು ಕೆಲಸ ಎಂದು ಊರಿನಲ್ಲಿ ಯಾರಾದರೂ ಕೇಳಿದರೆ ‘ಪುಸ್ತಕದ ಕಂಪನಿ’ ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಿದ್ದೆ. ಪೂರ್ತಿ ಹೇಳಲು ನಾಲಗೆ ಏಳುತ್ತಿರಲಿಲ್ಲ. ಹೊರದೇಶದಿಂದ ಬರುವ ಮ್ಯಾಗಜೀನು, ಕಾಮಿಕ್ಸ್‌ಗಳಲ್ಲಿ ಹೆಂಗಸರ ಬರಿಮೈ ಕಂಡಲ್ಲೆಲ್ಲ ದಪ್ಪ ಮಾರ್ಕರಿನಿಂದ ಕಪ್ಪು ಹಚ್ಚುವುದು, ಅದು ನನ್ನ ಕೆಲಸ. ಬಿ.ಕಾಂ. ಮಾಡಿದ್ದು ಇದಕ್ಕೆ. ಒಂದು ಪ್ರತಿ ಮೊದಲು ಸರ್ಕಾರದ ಕಚೇರಿಗೆ ಹೋಗುತ್ತಿತ್ತು. ಯಾವ ಯಾವ ಪುಟ ಎಂದು ಅಲ್ಲಿಂದ ಹೇಳಿಕಳಿಸಿದ ಮೇಲೆ ಅಲ್ ಕುಸೈಸ್‌ನ ಗೋದಾಮಿನಲ್ಲಿ, ಉದ್ದ ಮೇಜಿನ ಮುಂದೆ ನಾವು ಕೂರುತ್ತಿದ್ದೆವು. ಪುಟ ತಿರುಗಿಸು, ಹಚ್ಚು, ಮುಚ್ಚು, ಮುಂದಿನದು ತೆಗೆ. ಮಧ್ಯಾಹ್ನದ ಹೊತ್ತಿಗೆ ಮಾರ್ಕರಿನ ವಾಸನೆ ತಲೆಗೇರಿ, ಕುತ್ತಿಗೆ ಹಿಡಿದು, ಈ ಹೆಂಗಸರು ಒಂದು ಸೀರೆಯನ್ನಾದರೂ ಉಟ್ಟುಕೊಂಡು ಲೋಕೋದ್ಧಾರ ಮಾಡಬಾರದೇ ಎಂದು ಜೀವ ರೋಸಿಹೋಗುತ್ತಿತ್ತು.

ಮಗಳು ಅವಳಮ್ಮನ ಜೊತೆ ನನ್ನ ಬಳಿಗೆ ಬಂದದ್ದು ತಡವಾಗಿ. ಫ್ಯಾಮಿಲಿ ವೀಸಾಕ್ಕೆ ಬೇಕಾದ ಸಂಬಳ ಮುಟ್ಟುವಷ್ಟರಲ್ಲಿ ಅವಳು ಉಡುಪಿಯ ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಮುಗಿಸಿದ್ದಳು. ಇಲ್ಲಿಯ ಶಾಲೆಯ ಬಸ್ಸಿನಲ್ಲಿ ಮಕ್ಕಳೆಲ್ಲ ಇಂಗ್ಲಿಷು, ಹಿಂದಿ. ಇವಳು ಬಾಯಿ ತೆರೆದರೆ ನಗು. ಕೊನೆಗೆ ಮುಂದಿನ ಸೀಟಿನಲ್ಲಿ, ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾಳ ಪಕ್ಕದಲ್ಲಿ ಕೂರಲು ಶುರುಮಾಡಿದಳು. ಆ ಸೀಟು ಎಲ್.ಕೆ.ಜಿ. ಮಕ್ಕಳದ್ದು, ವಾಂತಿ ಮಾಡುವವರದ್ದು. ಹತ್ತು ವರ್ಷದ ಹುಡುಗಿಗೆ ಅಲ್ಲಿ ಕೂರುವುದೆಂದರೆ ಏನೆಂದು ನಮಗೂ ಗೊತ್ತಿತ್ತು, ಆದರೆ ಮಾಡುವುದೇನು?

ಅವಳನ್ನು ಹಿಂದಿನ ಸೀಟಿಗೆ ಕರೆಸಿಕೊಂಡದ್ದು ಒಂದು ಕಾಮಿಕ್ಸು. ಅದರ ನಾಯಕನಿಗೆ ಹೆಗಲಿನಿಂದ ಇಳಿಬಿಟ್ಟ ಹಳದಿ ಬಟ್ಟೆ, ಸನ್ಮಾನ ಮಾಡಿಸಿಕೊಂಡು ನೇರ ಬಂದವನ ಹಾಗೆ. ಗೋದಾಮಿನಲ್ಲಿ ನಾವು ಅವನನ್ನು ‘ಹಳದಿ ಶಾಲು’ ಎನ್ನುತ್ತಿದ್ದೆವು. ಅವನ ಬಲ ಎಷ್ಟು ಎಂಬುದು ಬಸ್ಸಿನಲ್ಲಿ ದಿನವೂ ನಡೆಯುವ ಜಗಳ. ಒಂದು ತಿಂಗಳು ಹಡಗು ಎತ್ತುತ್ತಾನೆ, ಮರುತಿಂಗಳು ಒಂದು ಬಾಗಿಲು ಒಡೆಯಲು ಬೆವರು ಸುರಿಸುತ್ತಾನೆ. ಹಾಗಾದರೆ ನಿಜವಾದ ಬಲ ಯಾವುದು? ಇವಳು ಒಂದು ದಿನ ಹರಕು ಇಂಗ್ಲಿಷಿನಲ್ಲಿ, ‘ನನ್ನ ಅಪ್ಪ ಎಲ್ಲ ಪುಸ್ತಕವನ್ನೂ ನಿಮಗಿಂತ ಮೊದಲು ನೋಡ್ತಾರೆ’ ಎಂದುಬಿಟ್ಟಳು. ಅಷ್ಟೇ, ಹಿಂದಿನ ಸೀಟಿನಲ್ಲಿ ಜಾಗ ಸಿಕ್ಕಿತು.

ಆಮೇಲೆ ನನಗೆ ಶುರುವಾಯಿತು. ಸಂಜೆ ಬಂದು ಚಾಪೆಯ ಮೇಲೆ ಮೈ ಚಾಚಿದರೆ ಸಾಕು.

“ಅಪ್ಪಾ, ಅವ ನಿಜವಾಗಿ ಎಷ್ಟು ಎತ್ತಬಹುದು?”

“ಎತ್ತುತ್ತಾನೆ ಮಾರಾಯ್ತಿ, ಬೇಕಾದಷ್ಟು ಎತ್ತುತ್ತಾನೆ. ನನ್ನನ್ನೊಮ್ಮೆ ಎತ್ತಿ ಮಂಚಕ್ಕೆ ಹಾಕಲಿಕ್ಕೆ ಹೇಳು.”

ಗೋದಾಮಿನಲ್ಲಿ ನನ್ನ ಎದುರು ಕೂರುತ್ತಿದ್ದವರು ಮೈಸೂರು ಕಡೆಯವರು, ನನಗಿಂತ ಹಿರಿಯರು, ಮಾತು ಕಡಿಮೆ. ಅವರ ಮುಂದೆ ಇದನ್ನು ಹೇಳಿಕೊಂಡಾಗ ಕತ್ತೆತ್ತದೆ, “ಬರೆಯೋನಿಗೆ ಎಷ್ಟು ಬೇಕೋ ಅಷ್ಟು ಬಲ ಕಣ್ರೀ. ನಮ್ದೂ ಅಷ್ಟೇ ಅಲ್ವೇ?” ಎಂದರು.

ಹೀಗಿರುವಾಗ ಒಂದು ಎಡವಟ್ಟಾಯಿತು. ಯಾವಾಗಿನ ಮಾರ್ಕರು ಮುಗಿದು, ಸೂಪರ್‌ವೈಸರ್ ಎಲ್ಲಿಂದಲೋ ಅಗ್ಗದ್ದು ತಂದಿಟ್ಟ. ಅದರ ಮಸಿ ನೀರು ನೀರು. ಆಮೇಲೆ ಮಗಳಿಂದ ತಿಳಿದದ್ದು, ಆ ತಿಂಗಳ ಹಳದಿ ಶಾಲಿನ ಕಥೆಯ ಕೊನೆಯಲ್ಲಿ ಮೇಲ್ಸೇತುವೆಯೊಂದು ಕುಸಿಯುತ್ತಿದೆ, ಅದರ ಮೇಲೆ ಒಂದು ಬಸ್ಸು, ಇವನು ಕೆಳಗೆ ಹೋಗಿ ಹೆಗಲು ಕೊಡುತ್ತಾನೆ. ಹೆಗಲು ತಡೆಯಿತೇ ಇಲ್ಲವೇ ಎಂಬುದು ಕಟ್ಟಕಡೆಯ ಚಿತ್ರ. ಅದೇ ಹಾಳೆಯ ಹಿಂಬದಿಯಲ್ಲಿ ಅರ್ಧ ಪುಟದ ಒಬ್ಬಳು ಮಹಾತಾಯಿ. ಅವಳ ಮೇಲೆ ಹಚ್ಚಿದ ಮಸಿ ಹಾಳೆಯೊಳಗಿಳಿದು, ಇತ್ತ ಕಡೆ ಇವನನ್ನೂ ನುಂಗಿಹಾಕಿತು. ಉಳಿದದ್ದು ಎರಡು ಪಾದ ಮಾತ್ರ. ‘ಯಲ್ಲಾ ಯಲ್ಲಾ’, ಬೇಗ ಬೇಗ, ಎಂದು ವ್ಯಾನಿನವರು ಬಾಗಿಲಲ್ಲಿ ಕೂಗುತ್ತಿದ್ದರು. ಯಾರು ನೋಡುತ್ತಾರೆ? ಹೋಯಿತು.

ಬಸ್ಸಿನಲ್ಲಿ ಎರಡು ಪಂಗಡವಾಯಿತು, ಎತ್ತಿದ ಎನ್ನುವವರು, ಆಗಲಿಲ್ಲ ಎನ್ನುವವರು. ಹಿಂಬದಿಯ ಮಸಿ ಇಳಿದದ್ದು ಎಂದು ಎಲ್ಲರಿಗೂ ಕಾಣುತ್ತಿತ್ತು. ಹಾಗಾಗಿ ಎಲ್ಲರೂ ಇವಳ ಕಡೆ ತಿರುಗಿದರು, ‘ನಿನ್ನಪ್ಪ ನೋಡಿದ್ದಾರಲ್ಲ, ಕೇಳಿಕೊಂಡು ಬಾ.’

ನಾನು ಏನನ್ನು ನೋಡಿದ್ದೆ, ಕರ್ಮ! ಮೊಣಕಾಲು, ತೊಡೆ, ಹೊಟ್ಟೆ ಇಷ್ಟೇ ನೋಡುವುದು ನನ್ನ ಕೆಲಸ. ಕಥೆ ಓದುತ್ತ ಕೂತರೆ ಪುಸ್ತಕದ ಕಟ್ಟು ಮುಗಿಯುವುದು ಯಾವಾಗ? ಆದರೆ ಅವಳು ಬಾಗಿಲಲ್ಲಿ ಬ್ಯಾಗೂ ಇಳಿಸದೆ ನಿಂತಿದ್ದಳು.

“ಎತ್ತಿದ” ಎಂದೆ.

“ಗ್ಯಾರಂಟಿಯಾ? ತಪ್ಪಾದ್ರೆ ನಾನು ವಾಪಸ್ ಮುಂದಿನ ಸೀಟಿಗೆ ಹೋಗ್ಬೇಕಂತೆ. ಬೆಟ್ ಕಟ್ಟಿದ್ದಾರೆ.”

“ಗ್ಯಾರಂಟಿ. ಈಗ ಸ್ವಲ್ಪ ಸುಮ್ಮನಿರು, ತಲೆ ಸಿಡೀತಾ ಉಂಟು.”

ಮರುತಿಂಗಳ ಕಟ್ಟು ಬಂದ ದಿನ, ಆ ಮೇಜಿಗೆ ಕೂರಲು ಶುರುಮಾಡಿದ ಮೇಲೆ ಮೊದಲ ಸಲ, ನಾನು ಕಥೆಯನ್ನು ಓದಿದೆ. ಮೊದಲ ಪುಟದ ತುಂಬ ಒಂದೇ ಚಿತ್ರ. ಸೇತುವೆ ನೆಲಕಚ್ಚಿದೆ. ಹಳದಿ ಶಾಲು ಕಲ್ಲುಮಣ್ಣಿನಡಿ ಮಕಾಡೆ ಬಿದ್ದಿದ್ದಾನೆ. ಅವನನ್ನೇ ಎತ್ತಲು ಕ್ರೇನ್ ಬಂದಿದೆ! ಥೂ ನಿನ್ನ, ಇಷ್ಟೇನಾ ನಿನ್ನ ಯೋಗ್ಯತೆ ಎಂದು ಮೈಯೆಲ್ಲ ಉರಿಯಿತು. ಹಡಗು ಎತ್ತಿದವನಿಗೆ, ನನ್ನ ಮಗಳ ಸರದಿ ಬಂದಾಗಲೇ ಸೊಂಟ ಮುರಿಯಬೇಕಿತ್ತೇ?

ಮುಂದಿನ ಪುಟಗಳಲ್ಲಿ ಬ್ಯಾಂಡೇಜು ಸುತ್ತಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ, ಅಷ್ಟೇ. ಅದು ಪರವಾಗಿಲ್ಲ. ಸೇತುವೆ ಎತ್ತಿ ಸುಸ್ತಾಗಿ ಮಲಗಿದ್ದಾನೆ ಎಂದುಕೊಳ್ಳಲಿ, ಸುಸ್ತು ಯಾರಿಗೆ ಆಗುವುದಿಲ್ಲ? ಮೊದಲ ಪುಟ ಒಂದು ಕಾಣದಿದ್ದರೆ ಆಯಿತು. ಬಸ್ಸಿನ ಮಕ್ಕಳೆಲ್ಲ ಪುಸ್ತಕ ಕೊಳ್ಳುವ ಕುಸೈಸ್‌ನ ಅಂಗಡಿಗಳಿಗೆ ಹೋಗುವ ಕಟ್ಟುಗಳನ್ನು ನನ್ನ ಕಡೆಗೆ ಎಳೆದುಕೊಂಡೆ. ಉಳಿದ ದುಬೈ ಏನು ಬೇಕಾದರೂ ನೋಡಿಕೊಳ್ಳಲಿ. ಮಸಿ ಇಳಿಯದ ಒಳ್ಳೆಯ ಮಾರ್ಕರಿನ ಮುಚ್ಚಳ ತೆಗೆದು ಪುಟದ ಮೇಲಿನಿಂದ ಕೆಳಗಿನವರೆಗೆ ಬಳಿಯತೊಡಗಿದೆ.

ಎದುರಿನವರು ಕನ್ನಡಕದ ಮೇಲಿಂದ ನೋಡಿದರು.

“ಆ ಪುಟ ಹೇಳಿದ್ರೇನ್ರೀ?”

“ಹೇಳಿದ್ದಾರೆ.”

“ಏನಿದೆ ಅದರಲ್ಲಿ? ಬರೀ ಕಲ್ಲು, ಮಣ್ಣು.”

ನಾನು ಮುಂದಿನ ಪ್ರತಿ ತೆಗೆದೆ. ಹೇಳದ ಪುಟಕ್ಕೆ ಕೈ ಹಚ್ಚಿದ್ದು ಗೊತ್ತಾದರೆ ಕೆಲಸ ಖಲಾಸ್, ಕೆಲಸದ ಜೊತೆ ಮೂವರ ವೀಸಾ ಖಲಾಸ್, ಇದು ಇಬ್ಬರಿಗೂ ಗೊತ್ತಿತ್ತು. ಅವರು ಒಂದು ಕಟ್ಟನ್ನು ತಮ್ಮ ಕಡೆಗೆ ಎಳೆದುಕೊಂಡು, “ಹಚ್ಚೋದಾದ್ರೆ ನೀಟಾಗಿ ಹಚ್ಚಿ ಸ್ವಾಮಿ, ಮೂಲೆಯೆಲ್ಲ ಬಿಟ್ಟಿದೀರಿ” ಎಂದರು. ಏಕೆ ಎಂದು ಅವರು ಕೊನೆಯವರೆಗೂ ಕೇಳಲಿಲ್ಲ.

ಆ ವಾರವೆಲ್ಲ ಫೋನು ಬಡಿದುಕೊಂಡರೆ ಸರ್ಕಾರದ ಕಚೇರಿಯದ್ದೇ ಇರಬೇಕು ಎನಿಸುತ್ತಿತ್ತು. ದೂರೇನೂ ಬರಲಿಲ್ಲ. ಬದಲಿಗೆ ವ್ಯಾನಿನವನು ಬಂದು, ಕುಸೈಸ್‌ನಲ್ಲಿ ಆ ಪುಸ್ತಕ ಎರಡೇ ದಿನಕ್ಕೆ ಖಾಲಿ, ಮೊದಲ ಪುಟದಲ್ಲಿ ಅಂಥದ್ದೇನಿತ್ತು ಎಂದು ಕಣ್ಣು ಮಿಟುಕಿಸಿದ. ಬಚಾವಾದೆ ಎಂದುಕೊಂಡೆ. ಮನೆಯಲ್ಲಿ ಮಗಳು ಮಾತ್ರ ಬಸ್ಸಿನ ಸುದ್ದಿ ಎತ್ತಲಿಲ್ಲ. ಗೆದ್ದಿರಬೇಕು, ಗೆದ್ದವರಿಗೆ ಅಪ್ಪನ ನೆನಪು ಎಲ್ಲಿ ಎಂದು ಒಳಗೊಳಗೇ ನಕ್ಕೆ.

ರಜೆಯ ಶುಕ್ರವಾರ ಮಧ್ಯಾಹ್ನ ಊಟ ಮುಗಿಸಿ ಮಲಗಿದ್ದಾಗ ಹತ್ತಿರ ಬಂದು ಕೂತಳು.

“ಅಪ್ಪಾ, ಫಸ್ಟ್ ಪೇಜಲ್ಲಿ ಹೆಂಗಸು ಇದ್ಳಾ?”

ಸುಳ್ಳು ಹೇಳುವಷ್ಟು ಶಕ್ತಿಯೂ ಉಳಿದಿರಲಿಲ್ಲ. “ಇಲ್ಲ” ಎಂದೆ.

“ಅವನಿಗೆ ಎತ್ತಲಿಕ್ಕೆ ಆಗ್ಲಿಲ್ಲ ಅಲ್ವಾ?”

“ಆಗಲಿಲ್ಲ. ಆದರೆ ಅದು ಯಾರಿಗೂ ಕಾಣುವುದಿಲ್ಲವಲ್ಲ. ನೀನು ಗೆದ್ದೆ ತಾನೆ?”

ಅವಳು ನನ್ನ ಮುಖ ನೋಡಿದಳು, ದೊಡ್ಡವರು ಚಿಕ್ಕವರಿಗೆ ಅರ್ಥ ಮಾಡಿಸುವಾಗ ನೋಡುತ್ತಾರಲ್ಲ, ಹಾಗೆ.

“ಕಪ್ಪು ಹಚ್ಚಿದ್ರೆ ಅಲ್ಲಿ ಹೆಂಗಸು ಉಂಟು ಅಂತ ಎಲ್ಲರಿಗೂ ಗೊತ್ತು ಅಪ್ಪಾ. ಇಷ್ಟು ದೊಡ್ಡ ಕಪ್ಪು ಅಂದ್ರೆ ತುಂಬ ದೊಡ್ಡ ಹೆಂಗಸು. ಅವಳೇ ಬಂದು ಬ್ರಿಜ್ ಎತ್ತಿದ್ದಂತೆ. ಅವ ಅಲ್ಲ. ಬಸ್ಸಲ್ಲಿ ಎಲ್ಲರೂ ಹಾಗೇ ಹೇಳ್ತಾರೆ.”

ನಾನು ಎದ್ದು ಕೂತೆ. ಇಷ್ಟು ವರ್ಷ ಮಾಡಿದ ಕೆಲಸ, ಇದೊಂದು ನನ್ನ ತಲೆಗೆ ಹೊಳೆದಿರಲಿಲ್ಲ. ಉಳಿಸಲು ಹೋಗಿ ನಾನೇ ಅವಳನ್ನು ಸೋಲಿಸಿದ್ದೆ.

“ಹಾಗಾದರೆ ನೀನು...”

“ಮೊನ್ನೆ ಮಂಗಳವಾರದಿಂದ ಮುಂದಿನ ಸೀಟು.”

“ಹೆಂಗಸು ಗಿಂಗಸು ಯಾರೂ ಇರಲಿಲ್ಲ, ನಮ್ಮಪ್ಪ ಸುಮ್ಮನೆ ಬಳಿದದ್ದು ಅಂತ ಹೇಳಬಹುದಿತ್ತಲ್ಲ!”

“ಹೇಳಿದ್ರೆ ಅವರು ಮನೇಲಿ ಹೇಳ್ತಾರೆ. ಮತ್ತೆ ನಿಮ್ಮನ್ನು ಕೆಲಸದಿಂದ ತೆಗೀತಾರೆ” ಎಂದಳು. ಯಾರೂ ಅವಳಿಗೆ ಇದನ್ನು ಹೇಳಿಕೊಟ್ಟಿರಲಿಲ್ಲ.

ರಜೆ ಮುಗಿದ ಬೆಳಿಗ್ಗೆಯೇ ಬಸ್ಸಿನ ಹತ್ತಿರ ನಾನೇ ಬಂದು ಆ ಮಕ್ಕಳ ಹತ್ತಿರ ಮಾತಾಡುತ್ತೇನೆ ಎಂದೆ. ಏನು ಮಾತಾಡುವುದೆಂದು ನನಗೂ ಗೊತ್ತಿರಲಿಲ್ಲ. ಅವಳು ನನ್ನ ಭುಜ ಹಿಡಿದು ಮತ್ತೆ ದಿಂಬಿಗೆ ಒರಗಿಸಿದಳು.

“ಬೇಡ ಅಪ್ಪಾ, ನೀವು ಮಲಗಿ. ಮುಂದಿನ ಸೀಟಿಗೆ ಎ.ಸಿ. ಒಳ್ಳೇದು ಬರ್ತದೆ.”