ಹದ್ದಿನ ಕ್ಯಾಸೆಟ್ಟು

“ಅಮ್ಮಾ, ನಟರಾಜು ಮಾಮ ಯಾಕೆ ಸ್ಪೀಕರ್ ಡಬ್ಬಕ್ಕೆ ಗಲ್ಲ ಒತ್ಕೊಂಡು ಕೂತವ್ರೆ? ಹಲ್ಲುನೋವಾ?”

ಯುಕೆಜಿ ಓದುವ ನಿಸರ್ಗ ಮಧ್ಯಾಹ್ನ ಸ್ಕೂಲ್ ವ್ಯಾನಿನಿಂದ ಇಳಿದವಳೇ ಕೇಳಿದಳು. ತಾಯಿ ಸೌಜನ್ಯಳಿಗೂ ಗೊತ್ತಿರಲಿಲ್ಲ. ಚನ್ನರಾಯಪಟ್ಟಣದ ಅವರ ಮನೆಯ ಕೆಳಗಿನ ಮಳಿಗೆಯೇ ನಟರಾಜುವಿನ ಮೈಕ್ ಸೆಟ್ ಅಂಗಡಿ. ಹೆಂಡತಿ ತೀರಿಕೊಂಡ ಮೇಲೆ ಅವನ ವಾಸವೂ ಅಲ್ಲೇ. ಮೂವತ್ತು ವರ್ಷ ಹಾರ್ನಿನ ಮುಂದೆ ನಿಂತು ನಿಂತು ಬಲಗಿವಿ ಹೋಗಿತ್ತು. ಈ ಯುಗಾದಿಗೆ ಎಡಗಿವಿಯೂ ಹೋಯಿತು. ಮಿಷನ್ ಹಾಕಿದರೂ ಪ್ರಯೋಜನವಿಲ್ಲವೆಂದು ಹಾಸನದ ಡಾಕ್ಟರು ಹೇಳಿದ್ದರು. “ಇನ್ಮೇಲೆ ಮದುವೆ ಮನೆಯೋರು ಬಯ್ಯೋದೂ ಕೇಳಾಕಿಲ್ಲ ಬುಡವ್ವ, ನಂದೇ ಸುಖ” ಎಂದು ಬೀದಿಗೆಲ್ಲ ಕೇಳುವಂತೆ ನಕ್ಕಿದ್ದ.

ಇವತ್ತು ನಗು ಇರಲಿಲ್ಲ. ಬೆಳಗ್ಗೆ ಅವಳು ಕೊಟ್ಟ ಉಪ್ಪಿಟ್ಟು ತಟ್ಟೆಯಲ್ಲೇ ಒಣಗಿತ್ತು. ಹಳೇ ಟೇಪ್ ಡೆಕ್ಕಿನಲ್ಲಿ ಒಂದು ಇಂಗ್ಲಿಷ್ ಹಾಡು ಕಿರುಚುತ್ತಿತ್ತು. ಸೌಜನ್ಯ ಮಗಳ ಸ್ಲೇಟು ಇಸಿದುಕೊಂಡು “ಏನಾಯ್ತಣ್ಣ?” ಎಂದು ಬರೆದು ಹಿಡಿದಳು.

ನಟರಾಜು ಡೆಕ್ ನಿಲ್ಲಿಸಿ, ಕ್ಯಾಸೆಟ್ಟಿನ ಡಬ್ಬಿಯನ್ನು ಅವಳ ಮುಂದಿಟ್ಟ. ಮೇಲೆ ಮಾಸಿಹೋದ ಚಿತ್ರ: ರೆಕ್ಕೆ ಬಿಚ್ಚಿದ ಹದ್ದು.

“ಇದು ನುಗ್ಗೇಹಳ್ಳಿ ಹೈಸ್ಕೂಲಿಂದು ಕಣವ್ವ,” ಎಂದು ಶುರುಮಾಡಿದ.

ಇಂಗ್ಲಿಷ್ ಪಾಠಕ್ಕೆ ಅಮರನಾಥ ಮೇಷ್ಟ್ರು ಬಂದಿದ್ದರು, ಕೋಲಾರದ ಚಿನ್ನದ ಗಣಿ ಕಡೆಯವರು. ಅವರ ಟ್ರಂಕಿನಲ್ಲಿ ಆರು ರಾಕ್ ಸಂಗೀತದ ಕ್ಯಾಸೆಟ್ಟುಗಳು. ಶನಿವಾರ ಬೆಳಗಿನ ಸ್ಕೂಲು ಬಿಟ್ಟ ಮೇಲೆ ಒಂದು ಹಾಕೋರು. ಹೆಸರು ಓದಲು ಬಾರದ ಹುಡುಗರು ರಟ್ಟಿನ ಚಿತ್ರ ನೋಡಿ ತಾವೇ ಹೆಸರಿಟ್ಟರು. ಗಡ್ಡದೋರ ಕ್ಯಾಸೆಟ್ಟು ಅಂದರೆ ಎಂಟನೇ ಕ್ಲಾಸು, ಅದನ್ನು ಕೇಳುತ್ತಾ ಕಾಂಪಾಸ್ ಬಾಕ್ಸ್ ಬಡಿದು ಬಡಿದು ಮುಚ್ಚಳ ಕಿತ್ತುಹೋಗಿತ್ತು. ಉರಿಯೋ ರೈಲು ಅಂದರೆ ಬೀಜಗಣಿತದಲ್ಲಿ ಹನ್ನೊಂದು ನಂಬರು ಬಂದ ವಾರ. “ಓಮ್‌ವರ್ಕ್ ಮಾಡ್ದೆ ಇರೋರು ಆಚೆ, ನಿಮಗೆ ಡ್ರಮ್ ಇಲ್ಲ ಕಣ್ರಲಾ” ಎಂದು ಮೇಷ್ಟ್ರು ಆ ಊರಿನವರ ಹಂಗೇ ಬಯ್ಯೋದು ಕಲಿತಿದ್ದರು. ಹದ್ದಿನ ಕ್ಯಾಸೆಟ್ಟು ಅಂದರೆ ಅಶೋಕ.

ಅಶೋಕ ನಟರಾಜುವಿನ ಬೆಂಚಿನವನು, ಸಣ್ಣಕ್ಕನ ಒಬ್ಬನೇ ಮಗ. ಅರ್ಥ ಒಂದೂ ಗೊತ್ತಿಲ್ಲದೆ ಹದ್ದಿನ ಹಾಡುಗಳನ್ನೆಲ್ಲ ಬಾಯಿಪಾಠ ಮಾಡಿದ್ದ. ಹತ್ತನೇ ಕ್ಲಾಸಿನ ಸ್ಕೂಲ್ ಡೇ ದಿನ ಮೈಕಿನ ಮುಂದೆ ಒಂದು ಹಾಡಿದ. ಆ ಹೊತ್ತಿಗಾಗಲೇ ಮೈಕ್ ಸೆಟ್ಟಿನವರ ಬೆನ್ನು ಬಿದ್ದಿದ್ದ ನಟರಾಜು, ಅದೇ ಕ್ಯಾಸೆಟ್ಟಿನ ಬಿ ಸೈಡಿನ ಕೊನೆಯಲ್ಲಿ ಉಳಿದಿದ್ದ ಖಾಲಿ ಜಾಗಕ್ಕೆ ಅದನ್ನು ರೆಕಾರ್ಡ್ ಮಾಡಿಕೊಂಡ. ಹಾಡು ಮುಗಿಸಿದ ಅಶೋಕ, ಕೂಲಿ ಮುಗಿಸಿ ಬಂದು ಹಿಂದೆ ನಿಂತಿದ್ದ ತಾಯಿಗೆ ಮೈಕಿನಲ್ಲೇ ಕೂಗಿದ್ದ: “ಅವ್ವೋ, ಕೇಳುಸ್ತಾ?”

ಬೇಸಿಗೆ ರಜೆಯಲ್ಲಿ ಮೆದುಳು ಜ್ವರ ಬಂತು. ಮೂರೇ ದಿನ. ಗ್ರೂಪ್ ಫೋಟೋದಲ್ಲೂ ಅವನು ಕಣ್ಣು ಮುಚ್ಚಿಕೊಂಡಿದ್ದ. ಸಣ್ಣಕ್ಕನಿಗೆ ಮಗನದು ಅಂತ ಉಳಿದದ್ದು ಆ ದನಿ ಒಂದೇ. ಮೇಷ್ಟ್ರು ವರ್ಗವಾಗಿ ಹೋಗುವಾಗ ಕ್ಯಾಸೆಟ್ಟನ್ನು ನಟರಾಜುವಿಗೇ ಕೊಟ್ಟರು. ವರ್ಷಕ್ಕೊಮ್ಮೆ, ಅಶೋಕ ಸತ್ತ ದಿನ, ಅವನು ಡೆಕ್ ಹೊತ್ತುಕೊಂಡು ಹೋಗಿ ಅವಳಿಗೆ ಕೇಳಿಸಿ ಬರುತ್ತಿದ್ದ.

“ಆಮೇಲೆ ಹಿರೀಸಾವೆ ತಾವ ಒಂದು ಸಾವಿನ ಮನೆ,” ಎಂದು ನಟರಾಜು ನೆಲ ನೋಡಿದ.

ಆ ಕಡೆ ಸಾವಾದರೆ ಮೊದಲು ಮೈಕ್ ಸೆಟ್ಟಿಗೆ ಹೇಳಿಕಳಿಸುತ್ತಾರೆ, ಆಮೇಲೆ ನೆಂಟರಿಗೆ. ಹೆಣ ಎತ್ತುವವರೆಗೂ ಭಜನೆ. ಆ ಮನೆಯ ಮಕ್ಕಳು, ತಿಥಿ ದಿನವೂ ಇದೇ ಭಜನೆ ಬೇಕು, ಹಿಡಿದುಕೊಳ್ಳಿ ಎಂದರು. ಖಾಲಿ ಕ್ಯಾಸೆಟ್ಟಿರಲಿಲ್ಲ. ಚೀಲದಲ್ಲಿದ್ದದ್ದು ಹದ್ದು. ಮೇಲೆ ಬೇರೇನೂ ರೆಕಾರ್ಡ್ ಆಗದಿರಲೆಂದು ಕ್ಯಾಸೆಟ್ಟಿನ ಮೂಲೆಯ ಚಿಪ್ಪನ್ನು ತಾನೇ ಮುರಿದಿದ್ದ ತೂತಿಗೆ ಕಾಗದ ತುರುಕಿ, ಬಿ ಸೈಡಿನ ಮಧ್ಯದಿಂದ ರೆಕಾರ್ಡಿಂಗ್ ಒತ್ತಿದ. ಅಶೋಕನ ಜಾಗ ಬರುವ ಮೊದಲೇ ನಿಲ್ಲಿಸಿದರಾಯಿತು ಎಂದುಕೊಂಡು. ಅಷ್ಟರಲ್ಲಿ ಕಂಬದ ಮೇಲಿನ ಹಾರ್ನಿನ ವೈರ್ ಕಿತ್ತು ಬಂತು. ಸರಿಮಾಡಿ ಬರುವ ಹೊತ್ತಿಗೆ ಭಜನೆ ಮುಗಿಯುತ್ತಾ ಬಂದಿತ್ತು, ಓಡಿಬಂದು ಡೆಕ್ ನಿಲ್ಲಿಸಿದ. ಎಲ್ಲಿಗೆ ನಿಂತಿತೋ ನೋಡಲು ಧೈರ್ಯ ಬರಲಿಲ್ಲ. ತಿಥಿಗೂ ಬೇರೆ ಯಾವುದೋ ಭಜನೆ ಹಾಕಿ ಬಯ್ಯಿಸಿಕೊಂಡ. ಸಣ್ಣಕ್ಕನಿಗೆ ಡೆಕ್ ಕೆಟ್ಟಿದೆ ಅಂದ. ಹದಿನೆಂಟು ವರ್ಷ ಅದನ್ನೇ ಅಂದ.

“ಈಗ ಮುದುಕಿ ಆಸಿಗೆ ಇಡ್ದವ್ಳೆ. ‘ಓಗೋ ಮುಂಚೆ ಒಂದ್ಸಲ ಕೇಳುಸ್ಲಾ ಮಗ’ ಅಂತ ಹೇಳಿಕಳ್ಸವ್ಳೆ. ಗಲ್ಲ ಇಟ್ರೆ ಡ್ರಮ್ಮು ಮೂಳೆಗೆ ಗೊತ್ತಾಯ್ತದೆ. ಆಮೇಲಿಂದು ಭಜನೆನೋ ಅವನೋ, ಗೊತ್ತಾಗಾಕಿಲ್ಲ. ನೀನು ಕೇಳಿ ಹೇಳವ್ವ.”

ಸೌಜನ್ಯ ಮಗಳನ್ನು ಮಡಿಲಿಗೆ ಎಳೆದುಕೊಂಡು ಕೂತಳು. ನಟರಾಜು ಗುಂಡಿ ಒತ್ತಿ ಅವಳ ಮುಖವನ್ನೇ ನೋಡತೊಡಗಿದ. ಗಿಟಾರು, ಡ್ರಮ್ಮು, ಗಂಡಸೊಬ್ಬನ ಒಡಕು ಕಿರುಚು. ಟಕ್ಕೆಂದಿತು. ತಾಳ, ಹಾರ್ಮೋನಿಯಂ, ಹಿಂದೆ ಹೆಂಗಸರ ಅಳು. ಮುಗಿಯಲೇ ಇಲ್ಲ. ಸುರುಳಿ ತೆಳ್ಳಗಾಗುತ್ತಾ ಬಂತು. ಮತ್ತೆ ಟಕ್ಕೆಂದಿತು. ಮಕ್ಕಳ ಚಪ್ಪಾಳೆ, ಯಾರದೋ ಸಿಳ್ಳೆ, ನಾಲ್ಕು ಸೆಕೆಂಡು. ಕ್ಯಾಸೆಟ್ಟು ನಿಂತಿತು.

“ಯಾರಿಗಮ್ಮ ಚಪ್ಪಾಳೆ?” ಎಂದಳು ನಿಸರ್ಗ.

ಸೌಜನ್ಯ ಬರೆಯಲು ಸ್ಲೇಟಿಗೆ ಕೈ ಹಾಕುವಷ್ಟರಲ್ಲೇ ನಟರಾಜುವಿಗೆ ತಿಳಿದುಹೋಗಿತ್ತು. ಆದರೂ ಬರೆದಳು: “ಚಪ್ಪಾಳೆ ಮಾತ್ರ ಉಳಿದಿದೆ.” ಅವನು ಆ ಮೂರು ಪದವನ್ನು ಬೆರಳಿಟ್ಟು ಓದಿದ. ಡಬ್ಬಕ್ಕೆ ಒತ್ತಿಕೊಂಡಿದ್ದ ಗಲ್ಲದ ಮೇಲೆ ಜಾಲರಿಯ ಗುರುತು ಕೆಂಪಗೆ ಮೂಡಿತ್ತು.

ಸೌಜನ್ಯ ಅದನ್ನು ಒರೆಸಿ ಮತ್ತೆ ಬರೆದಳು: “ಕ್ಯಾಸೆಟ್ಟು ಬೂಷ್ಟು ಹಿಡಿದಿದೆ ಅನ್ನಿ ಅಣ್ಣ. ಸಾಯೋ ಜೀವ, ಯಾಕೆ ನೋಯಿಸ್ತೀರಿ?”

“ಬ್ಯಾಡ,” ಎಂದು ಅವನು ಜೋರಾಗಿಯೇ ಅಂದ. “ಅವ್ಳು ಕಾಯ್ತಾ ಸಾಯಬಾರ್ದು. ನಾನೇ ಅಳಿಸ್ಬುಟ್ಟೆ ಅಂತ ಎದುರು ಕೂತು ಹೇಳ್ತೀನಿ. ಆದ್ರೆ ಅವ್ಳು ಬಯ್ದ್ರೆ ನಂಗೆ ಕೇಳಾಕಿಲ್ವಲ್ಲ ತಾಯಿ. ಹೇಳ್ಬುಟ್ಟು, ಕಿವುಡನಂಗೆ ಕೂತು ಎದ್ದು ಬರೋದು ಮ್ವಾಸ ಅಲ್ವಾ?”

ಅವನು ಸ್ಲೇಟನ್ನು ಅಂಗೈಯಿಂದ ಶುದ್ಧವಾಗಿ ಒರೆಸಿ ಅವಳ ಕೈಗೆ ಕೊಟ್ಟ.

“ನಾಳೆ ಮಗು ಸ್ಕೂಲಿಗೆ ಹೋದ್ಮೇಲೆ ನುಗ್ಗೇಹಳ್ಳಿ ಬಸ್ಸಿಗೆ ನನ್ ಜೊತೆ ಬಾ. ದಿನಾ ಡೈರಿ ಬರೀತೀಯಲ್ಲ, ಆ ಪುಸ್ತಕ ತಕ್ಕೊ. ಮುದುಕಿ ಏನಂದ್ರೂ ಸರಿ, ಒಂದು ಬೈಗಳೂ ಬಿಡ್ದಂಗೆ ಬರ್ಕೊಡವ್ವ. ನಿಂಗೆ ಅಯ್ಯೋ ಅನ್ನಿಸಿ ಏನೂ ಮೆತ್ತಗೆ ಮಾಡ್ಬ್ಯಾಡ.”