ದೊಡ್ಡಮ್ಮ ತೋರಿಸುವ ಮನೆ

ಹೊರಗಿನಿಂದ ಬಂದವರಿಗೆ ನಮ್ಮ ಹಳೆಯ ಪೇಟೆಯನ್ನು ಸುತ್ತಿಸಿ ತೋರಿಸುವುದು ನಮ್ಮ ದೊಡ್ಡಮ್ಮನ ಕಸುಬು. ಕಲ್ಲು ಹಾಸಿದ ನಾಲ್ಕಾರು ಓಣಿಗಳಲ್ಲೇ ಒಬ್ಬ ಕೊಳಲುವಾದಕ, ಇಬ್ಬರು ಗಾಯಕಿ ಅಕ್ಕತಂಗಿಯರು, ಒಬ್ಬ ಶಿಲ್ಪಿ, ಒಬ್ಬ ಚಿತ್ರಗಾರ ಹುಟ್ಟಿ ಹೆಸರು ಮಾಡಿದ್ದಾರೆ. ಅವರನ್ನೆಲ್ಲ ತಾನೇ ಎತ್ತಿ ಆಡಿಸಿದವಳಂತೆ ದೊಡ್ಡಮ್ಮ ಮಾತಾಡುತ್ತಾಳೆ. ಮಡಚಿದ ಕೊಡೆಯನ್ನು ಎತ್ತಿ ಹಿಡಿದು ಅವಳು ಮುಂದೆ ನಡೆದರೆ ಎಂಥ ದೊಡ್ಡ ಮನುಷ್ಯರೂ ಬಾಯಿ ಮುಚ್ಚಿಕೊಂಡು ಹಿಂದೆ ಬರುತ್ತಾರೆ.

"ಕೊಳಲಿನವರು ಹುಟ್ಟಿದ್ದು ಈ ಸೈಕಲ್ ಅಂಗಡಿ ಮೇಲೆ. ಕೆಳಗಡೆ ಟೈರಿಗೆ ಗಾಳಿ ಹೊಡೀತಿದ್ರು, ಮೇಲ್ಗಡೆ ಇವರು ಊದೋದು ಕಲಿತ್ರು."

ಅವಳು ಹೇಳುವುದರಲ್ಲಿ ಸುಳ್ಳು ಒಂದೇ, ಆದರೆ ಅದು ಅಪ್ಪಟ ಸುಳ್ಳು. ಚಿತ್ರಗಾರರು ಹುಟ್ಟಿದ್ದು ನಮ್ಮ ಮನೆಯಲ್ಲಿ ಎನ್ನುತ್ತಾಳೆ. ನಿಜಕ್ಕೂ ಹುಟ್ಟಿದ್ದು ಎದುರು ಮನೆಯಲ್ಲಿ. ಅಲ್ಲಿ ಈಗಲೂ ಅವರ ಅಕ್ಕ ಇದ್ದಾರೆ, ಬಟ್ಟೆ ಹೊಲಿಯುತ್ತಾರೆ. ತಾಯಿಯಿಲ್ಲದ ತಮ್ಮನನ್ನು ಆ ಮಿಷನ್ ತುಳಿದೇ ಸಾಕಿದವರು. ಅವರ ಗಂಡ ತೀರಿಕೊಂಡಾಗ ತಮ್ಮ ಯಾವುದೋ ಪ್ರದರ್ಶನ ಬಿಟ್ಟು ಬರಲಿಲ್ಲ. ಅಲ್ಲಿಗೆ ಅಕ್ಕ-ತಮ್ಮನ ಮಾತುಕತೆ ನಿಂತಿತು. ಬಂದವರೆಲ್ಲ ಅವರ ಕಿಟಕಿಯಲ್ಲಿ ಮೂಗು ತೂರಿಸಿ "ತಮ್ಮ ಚೆನ್ನಾಗಿದ್ದಾರಾ?" ಎಂದು ಕೇಳುವುದು ಮಾತ್ರ ನಿಲ್ಲಲಿಲ್ಲ. ಒಂದು ದಿನ ಅವರು ದೊಡ್ಡಮ್ಮನ ಕೈ ಹಿಡಿದು, "ಇವರನ್ನ ನನ್ನ ಬಾಗಿಲಿಗೆ ತರಬೇಡಮ್ಮ" ಎಂದು ಅತ್ತರಂತೆ. ಮಾತು ಕೊಟ್ಟ ದೊಡ್ಡಮ್ಮ ಮರುದಿನವೇ ಗುಂಪನ್ನು ನಮ್ಮ ಮನೆಗೆ ತಿರುಗಿಸಿದಳು. ಅಂದಿನಿಂದ ಗುರುತು ಪರಿಚಯವಿಲ್ಲದವರು ನಮ್ಮ ಅಡುಗೆಮನೆಯ ಮಸಿ ಗೋಡೆ ನೋಡಿ ತಲೆದೂಗುತ್ತಾರೆ. ದೊಡ್ಡಪ್ಪ ಮನೆಯಲ್ಲೂ ಅಂಗಿ ತೊಟ್ಟು ಕೂರುವುದನ್ನು ಕಲಿತಿದ್ದಾರೆ.

ಕಳೆದ ವಾರ ಗುಂಪಿನ ಕೊನೆಯಲ್ಲಿ ಟೋಪಿ ಹಾಕಿದ ಮುದುಕರೊಬ್ಬರಿದ್ದರು. "ಮಗು ಮಲಗ್ತಿದ್ದದ್ದು ಈ ಮೂಲೇಲಿ" ಎಂದು ದೊಡ್ಡಮ್ಮ ನಮ್ಮ ಪಾತ್ರೆ ಕಪಾಟಿನ ಪಕ್ಕ ತೋರಿಸಿದಾಗ ಅವರೊಬ್ಬರೇ ನಕ್ಕರು. ಉಳಿದವರು ಹೋದ ಮೇಲೂ ಕದಲಲಿಲ್ಲ.

"ನಾನು ಹುಟ್ಟಿದ್ದು ಎದುರು ಮನೇಲಿ ಅಮ್ಮಾ," ಎಂದರು.

ಇವರು ಹೊರಗೆ ಹೋಗಿ ಒಂದು ಮಾತಾಡಿದರೆ ದೊಡ್ಡಮ್ಮನ ಅನ್ನಕ್ಕೆ ಕಲ್ಲು ಬೀಳುತ್ತಿತ್ತು. ಅವಳು ಕಣ್ಣು ಕೂಡ ಮಿಟುಕಿಸಲಿಲ್ಲ.

"ಗೊತ್ತು. ಸೈಕಲ್ ಅಂಗಡಿ ಹತ್ರಾನೇ ಗುರುತು ಹಿಡಿದೆ. ನಡಿಗೆ ನಿಮ್ಮಕ್ಕಂದೇ."

"ಹಾಗಾದ್ರೆ ನನ್ನ ಅಲ್ಲಿಗೆ ಕರ್ಕೊಂಡು ಹೋಗಿ. ನೀವಿದ್ರೆ ಅಕ್ಕ ಬಾಗಿಲು ಹಾಕ್ಕೊಳ್ಳಲ್ಲ."

"ಆ ಬಾಗಿಲಿಗೆ ಯಾರನ್ನೂ ಕರ್ಕೊಂಡು ಬರಲ್ಲ ಅಂತ ಮಾತು ಕೊಟ್ಟಿದ್ದೀನಿ."

"ನಾನು ಅವಳ ತಮ್ಮ."

"ತಮ್ಮ ಆದೋನು ಟಿಕೆಟ್ ತಗೊಂಡು ಬರ್ತಾನೇನ್ರೀ?" ದೊಡ್ಡಮ್ಮ ಕಡ್ಡಿ ಮುರಿದಂತೆ ಹೇಳಿದಳು. "ನನ್ನ ಹಿಂದೆ ಬಂದೋರಿಗೆ ಇಲ್ಲೀವರೆಗೇ ದಾರಿ. ಅಲ್ಲಿಗೆ ನೀವೇ ಹೋಗ್ಬೇಕು."

ಅವರ ಮುಖ ಇಳಿದುಹೋಯಿತು. ಅಯ್ಯೋ ಪಾಪ ಅನ್ನಿಸಿತು ನನಗೆ. ಕೊನೆಗೆ ಟೋಪಿ ತೆಗೆದು ಕೈಯಲ್ಲಿ ಹಿಡಿದು ಹೊರಟರು. ಎದುರು ಮನೆಯವರ ಪಿಸುಮಾತೂ ಕೇಳಿಸುವಷ್ಟು ಕಿರಿದು ನಮ್ಮ ಓಣಿ. ಅದನ್ನು ದಾಟುವಷ್ಟರಲ್ಲಿ ಎರಡು ಸಲ ನಿಂತರು. ಅಷ್ಟು ಹೊತ್ತೂ ದೊಡ್ಡಮ್ಮ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು.

ಹೊಸ್ತಿಲ ಹತ್ತಿರ ಹೋಗಿ ನಿಂತರು. ಮಿಷನ್ ನಿಂತಿತು. ಅಕ್ಕ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

"ಚಿತ್ರಗಾರರು ಹುಟ್ಟಿದ ಮನೆ ಎದುರುಗಡೆ," ಎಂದರು. "ಇದು ನನ್ನ ತಮ್ಮನ ಮನೆ. ಒಳಗೆ ಬಾ."