ಅಧ್ಯಕ್ಷರ ಸೋದರಮಾವ

ಅಕ್ಕನ ಮಗ ಲೋಕೇಶ ಪಂಚಾಯಿತಿ ಅಧ್ಯಕ್ಷನಾದ ದಿನದಿಂದ ನಂಜುಂಡಪ್ಪನವರು ಅವನನ್ನು ಬಹುವಚನದಲ್ಲಿ ಮಾತಾಡಿಸತೊಡಗಿದರು. ಎತ್ತಿ ಆಡಿಸಿದ ಹುಡುಗ, ತೋಟದ ಬಾವಿಯಲ್ಲಿ ತಾವೇ ಈಜು ಕಲಿಸಿದ ಹುಡುಗ. ಹಿಂದಿನ ದಿನದವರೆಗೂ ‘ಏನ್ಲಾ ಲೋಕಿ’ ಎನ್ನುತ್ತಿದ್ದವರು ಮಾರನೆಯ ಬೆಳಿಗ್ಗೆ ಆಫೀಸಿನ ಬಾಗಿಲಲ್ಲಿ ನಿಂತು, “ಅಧ್ಯಕ್ಷರು ಒಳಗವ್ರೇನಮ್ಮ?” ಎಂದು ನನ್ನನ್ನು ಕೇಳಿದರು. ಒಳಗಿನಿಂದ ಲೋಕೇಶ, “ಯಾರು, ಮಾವನಾ? ಬಾ ಮಾವ, ಅದೇನ್ ನಾಟ್ಕ ನಿಂದು!” ಎಂದು ಕೂಗಿದ. ಇವರು ಚಪ್ಪಲಿ ಬಿಟ್ಟು ಒಳಗೆ ಹೋಗಿ, “ನಮಸ್ಕಾರ ಅಧ್ಯಕ್ಷರೇ” ಎಂದರು. ಲೋಕೇಶ ಹೊಟ್ಟೆ ಹಿಡಿದುಕೊಂಡು ನಕ್ಕ. ಇವರು ನಗಲಿಲ್ಲ.

ಗುಬ್ಬಿಯಿಂದ ಸಿ.ಎಸ್. ಪುರದ ಕಡೆ ಹೋಗುವ ದಾರಿಯಲ್ಲಿರುವ ಆ ಪಂಚಾಯಿತಿಯಲ್ಲಿ ನಾನು ಆಗ ಕಂಪ್ಯೂಟರ್ ಆಪರೇಟರ್. ಊರಿನ ಹೆಸರು ಬೇಡ. ದಿನಾ ಗುಬ್ಬಿಯಿಂದ ಸ್ಕೂಟಿಯಲ್ಲಿ ಹೋಗಿ ಬರುತ್ತಿದ್ದೆ. ನಂಜುಂಡಪ್ಪನವರು ಬೆಳಿಗ್ಗೆ ತೋಟಕ್ಕೆ ಹೋಗಿ, ಸ್ನಾನ ಮಾಡಿ, ಕುತ್ತಿಗೆಯವರೆಗೆ ಗುಂಡಿ ಹಾಕಿದ ಬಿಳಿ ಅಂಗಿ ತೊಟ್ಟು ಪೇಪರ್ ಓದಲು ಆಫೀಸಿಗೆ ಬರುತ್ತಿದ್ದರು. ಹಿಂದೆ ತಾವೂ ಮೆಂಬರ್ ಆಗಿದ್ದವರು. ಏಪ್ರಿಲ್ ತಿಂಗಳ ಸೆಕೆಯಲ್ಲೂ ಆ ಮೇಲಿನ ಗುಂಡಿ ಬಿಚ್ಚಿದ್ದನ್ನು ಕಂಡವರಿಲ್ಲ. “ಇದು ಆಫೀಸು, ಚಪ್ಪಲಿ ಹಾಕ್ಕೊಂಡೇ ಬನ್ನಿ” ಎಂದರೆ, “ನಾಕ್ ಜನ ಕೂರೋ ಜಾಗ ಕಣಮ್ಮ” ಎನ್ನುತ್ತಿದ್ದರು. ಅವರ ಬಾಯಲ್ಲಿ ಯಾವಾಗಲೂ ಇರುತ್ತಿದ್ದ ಮಾತು ಅದು. ಬಸ್ ಸ್ಟಾಂಡೂ ನಾಕ್ ಜನದ ಜಾಗ, ಡೈರಿ ಮುಂದಿನ ಕಟ್ಟೆಯೂ ನಾಕ್ ಜನದ ಜಾಗ. ಅಲ್ಲಿ ಉಗುಳಬಾರದು, ಕೂಗಬಾರದು, ಕಾಲ ಮೇಲೆ ಕಾಲು ಹಾಕಬಾರದು.

ನನ್ನ ಬಗ್ಗೆಯೂ ಅವರಿಗೆ ಆಕ್ಷೇಪಣೆಗಳಿದ್ದವು. ಮೊದಲ ದಿನವೇ ಪಿಡಿಒ ಹತ್ತಿರ, “ಗಂಡಸ್ರು ಬಂದು ಹೋಗೋ ಜಾಗ್ದಲ್ಲಿ ಹೆಣ್ಮಗ ಒಂದೇ ಕೂತ್ಕೊಳೋದು ಸರಿಯೇನ್ರೀ?” ಎಂದು ಕೇಳಿದ್ದರು. ಹೆಂಗಸರಿಗೆ ಮೀಸಲು ಸೀಟು ಬೇಡ ಎನ್ನುವವರು. ಜೀನ್ಸ್ ಪ್ಯಾಂಟು ಬೇಡ, ಬೇರೆ ಜಾತಿಯಲ್ಲಿ ಮದುವೆ ಬೇಡ. ನಾನು ಮದುವೆಯಾಗಿದ್ದು ಬೇರೆ ಜಾತಿಯವರನ್ನು. ಅದು ತಿಳಿದ ದಿನ ಸುಮ್ಮನೆ ಕನ್ನಡಕ ಒರೆಸಿಕೊಂಡು, “ಅವ್ರ ಅಪ್ಪ ಅಮ್ಮ ನಿನ್ನ ಚೆನ್ನಾಗ್ ನೋಡ್ಕೊತಾರಾ?” ಎಂದರು. ಹೂಂ ಎಂದೆ. “ಹಂಗಾದ್ರೆ ಸರಿ ಬುಡು” ಎಂದು ಪೇಪರಿಗೆ ಮುಖ ಕೊಟ್ಟರು. ಆಮೇಲೆ ನನ್ನನ್ನು ಕಂಪ್ಯೂಟರಮ್ಮ ಎಂದು ಕರೆಯಲು ಶುರು ಮಾಡಿದರು.

ಲೋಕೇಶನನ್ನು ಗೆಲ್ಲಿಸಿದ್ದು ಅವರೇ. ಮನೆಮನೆಗೆ ಹೋಗಿ, “ನಮ್ಮ ಹುಡ್ಗ, ನನ್ನ ಮುಖ ನೋಡಿ ಓಟ್ ಹಾಕಿ” ಎಂದಿದ್ದರು. ಲೋಕೇಶ ಕೆಲಸಗಾರ. ಕೆಟ್ಟು ನಿಂತಿದ್ದ ಬೋರ್‌ವೆಲ್ ಮೋಟರು ಎತ್ತಿಸಿ ರಿಪೇರಿ ಮಾಡಿಸಿದ, ಹರಿಜನ ಕಾಲೋನಿಗೆ ಸಿಮೆಂಟ್ ರಸ್ತೆ ಹಾಕಿಸಿದ, ತಾಲ್ಲೂಕು ಆಫೀಸಿನಲ್ಲಿ ನಿಂತು ಜಗಳವಾಡಿ ವೃದ್ಧರ ಪೆನ್ಷನ್ ಬಿಡಿಸಿದ. ಆದರೆ ಮೇಜಿನ ಮೇಲೆ ಕೂತು ಕುರ್ಚಿಯ ಮೇಲೆ ಕಾಲಿಡುತ್ತಿದ್ದ. ಹೋದಲ್ಲೆಲ್ಲ ರೀಲ್ಸ್ ಮಾಡಲು ಜೊತೆಗೊಬ್ಬ ಫೋನ್ ಹಿಡಿದುಕೊಂಡಿರುತ್ತಿದ್ದ. ಎಲ್ಲರಿಗೂ ಅಡ್ಡಹೆಸರು. ಸಣಕಲು ಪಿಡಿಒ ‘ಊದ್ಬತ್ತಿ’. ಕಿವಿ ಮಂದವಾದ ಹಿರಿಯ ಮೆಂಬರ್ ‘ಸೈಲೆಂಟ್ ಮೋಡ್’. ಮೀಸಲು ಸೀಟಿನಲ್ಲಿ ಗೆದ್ದ ಎದುರು ಪಾರ್ಟಿಯ ಮೆಂಬರ್ ಸಾವಿತ್ರಮ್ಮನವರಿಗೆ ಮಾತಾಡುವಾಗ ತೊದಲು. ಅವರಿಗೆ ಇಟ್ಟ ಹೆಸರು ‘ಬಫರಿಂಗ್’. ಊರೆಲ್ಲ ನಗುತ್ತಿತ್ತು.

ನಂಜುಂಡಪ್ಪನವರು ಪೇಪರ್ ಮಡಿಸಿ ಮಡಿಸಿ ಅಂಗೈಯಷ್ಟು ಮಾಡುತ್ತಿದ್ದರು. ಅವರಿಗೆ ಸಿಟ್ಟು ಬಂದಿದೆ ಎಂದು ತಿಳಿಯುತ್ತಿದ್ದುದು ಹಾಗೆ.

ನನಗೆ ಇದು ಅರ್ಥವಾಗುತ್ತಿರಲಿಲ್ಲ. ಲೋಕೇಶನ ಪಾರ್ಟಿಯೇ ಇವರ ಪಾರ್ಟಿ, ಅವನು ಮಾಡುವ ಕೆಲಸವೆಲ್ಲ ಇವರಿಗೂ ಬೇಕಾದದ್ದೇ. ಆ ಪಾರ್ಟಿಗೆ ಎಂದೂ ಓಟು ಹಾಕದ ನಾನು ಅವನ ರೀಲ್ಸ್ ನೋಡಿ ಮರೆಯುತ್ತಿದ್ದೆ. ಇವರು ಮಾತ್ರ ಊಟ ಸೇರದವರ ಹಾಗೆ ಆಗುತ್ತಿದ್ದರು. ಒಂದು ದಿನ ಕೇಳಿಯೇಬಿಟ್ಟೆ.

“ಕೆಲ್ಸ ಆಗ್ತಿದೆಯಲ್ಲ, ಬಾಯಿ ಹೆಂಗಿದ್ರೇನು ನಿಮಗೆ?”

“ಎದುರು ಪಾರ್ಟಿಯೋನು ಹಿಂಗಾಡಿದ್ರೆ ನಾನ್ಯಾಕ್ ತಲೆ ಕೆಡಿಸ್ಕೊಳ್ಲಿ?” ಎಂದರು. “ಬೈದು ಮನೆಗ್ ಹೋಗಿ ಮುದ್ದೆ ಉಣ್ತಿದ್ದೆ. ಇವ್ರು ನಮ್ಮೋರು ಕಣಮ್ಮ. ಹಳೇದು ಉಳೀಬೇಕು, ದೊಡ್ಡೋರು ಚಿಕ್ಕೋರು ಅನ್ನೋದ್ ಇರ್ಬೇಕು ಅಂತ ನಾನು ಭಾಷಣ ಮಾಡ್ಕೊಂಡು ಬಂದೆ. ಉಳ್ಸೋಕೆ ಅಂತ ಕೂರ್ಸಿದ್ರೆ, ಇವ್ರೇ ಕೆಡುವ್ತಾವ್ರೆ. ಯಾರಿಗ್ ಹೇಳ್ಲಿ?”

ಆ ವರ್ಷ ಆಗಸ್ಟ್ ಹದಿನೈದಕ್ಕೆ ಲೋಕೇಶ ತಡವಾಗಿ ಬಂದ, ಕಪ್ಪು ಕನ್ನಡಕ ಹಾಕಿಕೊಂಡು. ಶಾಲೆಯ ಮಕ್ಕಳು ಬಿಸಿಲಲ್ಲಿ ಸಾಲಾಗಿ ನಿಂತಿದ್ದರು. ಬಾವುಟ ಏರಿತು, ಹೂವು ಉದುರಿತು, ಮಕ್ಕಳು ರಾಷ್ಟ್ರಗೀತೆ ಹಾಡಿದರು. ಫೋನ್ ಹಿಡಿದಿದ್ದವನು, “ಅಣ್ಣ, ವಿಡಿಯೋ ಆನ್ ಆಗ್ಲಿಲ್ಲ” ಎಂದ. ಲೋಕೇಶ ಮೈಕಿನಲ್ಲೇ, “ಇಳಿಸ್ರೋ, ಇನ್ನೊಂದ್ ಟೇಕ್ ತಗೊಳಣ” ಎಂದ.

ಜವಾನ ಹಗ್ಗಕ್ಕೆ ಕೈ ಹಾಕುವ ಮೊದಲೇ ನಂಜುಂಡಪ್ಪನವರು ಕಂಬದ ಹತ್ತಿರ ಹೋಗಿ ಹಗ್ಗ ಹಿಡಿದುಕೊಂಡರು.

“ಬಾವುಟ ಇಳ್ಸೋದು ಸಂಜೆಗೆ, ಅಧ್ಯಕ್ಷರೇ.”

“ಒಂದೇ ನಿಮಿಷ ಮಾವ.”

“ಸಂಜೆಗೆ.”

ಲೋಕೇಶ ಮೈಕು ಬಾಯಿಗೆ ಹತ್ತಿರ ಹಿಡಿದು, “ನಮ್ ಮಾವ ಹಳೇ ಮಾಡೆಲ್ಲು, ಅಪ್‌ಡೇಟ್ ಆಗಲ್ಲ!” ಎಂದ. ಮಕ್ಕಳು, ಮೇಷ್ಟ್ರುಗಳು, ಎಲ್ಲರೂ ನಕ್ಕರು. ಮಿಠಾಯಿ ಹಂಚಿ ಎಲ್ಲರೂ ಹೋಗುವವರೆಗೆ ಅವರು ಹಗ್ಗ ಬಿಡಲಿಲ್ಲ. ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು.

ಅಕ್ಕನ ಮನೆಗೂ ಹೋಗಿ ಹೇಳಿ ನೋಡಿದರಂತೆ. ಅವರ ಅಕ್ಕ, “ನಿನ್ ಮಕ್ಕಳು ಯಾರೂ ಅಧ್ಯಕ್ಷರಾಗ್ಲಿಲ್ಲ ಅಂತ ನಿಂಗೆ ಹೊಟ್ಟೆಉರಿ” ಎಂದರಂತೆ. ಅದನ್ನು ನನಗೆ ಹೇಳುವಾಗ ಅವರ ದನಿ ಸಣ್ಣದಾಗಿತ್ತು.

ಇದಾದ ಸ್ವಲ್ಪ ದಿನಕ್ಕೆ ಗ್ರಾಮಸಭೆ. ಶಾಲೆಯ ಆವರಣದಲ್ಲಿ ಶಾಮಿಯಾನ, ತುಂಬಾ ಜನ. ಸಾವಿತ್ರಮ್ಮನವರು ಎದ್ದು ನಿಂತು ಏನೋ ಕೇಳಲು ಹೊರಟರು. “ಶಾ... ಶಾ... ಶಾಲೇಲಿ...” ಅಷ್ಟರಲ್ಲಿ ಲೋಕೇಶ ಮೈಕಿನಲ್ಲಿ, “ಶಾ... ಶಾ... ನೆಟ್‌ವರ್ಕ್ ಇಲ್ಲ, ಬಫರಿಂಗ್!” ಎಂದ. ಜನ ಹೋ ಎಂದು ನಕ್ಕಿತು. ಸಾವಿತ್ರಮ್ಮ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಕೂರಲು ಹೊರಟರು.

ನಂಜುಂಡಪ್ಪನವರು ಎದ್ದರು. ಪಾರ್ಟಿಯವರ ಸಾಲಿನಿಂದ ಹೊರಗೆ ಬಂದು, ಹೆಂಗಸರ ಸಾಲನ್ನು ದಾಟಿ ಸಾವಿತ್ರಮ್ಮನ ಪಕ್ಕ ಹೋಗಿ ನಿಂತರು. ಹೆಂಗಸರು ಕೂತಿದ್ದ ಕಡೆಗೆ ಅವರು ಎಂದೂ ಕಾಲಿಟ್ಟವರಲ್ಲ.

“ಕೂರ್ಬೇಡ ತಾಯಿ, ಕೇಳು” ಎಂದರು. ಆಮೇಲೆ ವೇದಿಕೆಯ ಕಡೆ ತಿರುಗಿ, “ಲೋಕೇಶ, ಮೈಕ್ ಕೆಳಗಿಡು” ಎಂದರು.

ಏಕವಚನ. ಅವನು ಅಧ್ಯಕ್ಷನಾದ ಮೇಲೆ ಮೊದಲ ಸಲ. ಅದನ್ನು ಗಮನಿಸಿದವರು ಎಷ್ಟು ಜನವೋ, ಲೋಕೇಶನಂತೂ ಗಮನಿಸಿದ. ಮೈಕನ್ನು ಮೇಜಿನ ಮೇಲಿಟ್ಟ.

“ಇವ್ನಿಗೆ ಓಟ್ ಹಾಕಿ ಅಂತ ನಿಮ್ಮೆಲ್ರ ಮನೆ ಬಾಗ್ಲಿಗೆ ಬಂದೋನು ನಾನು. ಈ ತಾಯಿ ಮನೆಗೂ ಹೋಗಿದ್ದೆ, ಕಾಫಿ ಕೊಟ್ಟಿದ್ರು. ಈಗ ಆಯಮ್ಮ ಕೇಳೋವರ್ಗೂ ನಾನಿಲ್ಲೇ ನಿಂತಿರ್ತೀನಿ. ನಗೋರು ನನ್ನ ನೋಡಿ ನಗಿ.”

ಯಾರೂ ನಗಲಿಲ್ಲ. ಸಾವಿತ್ರಮ್ಮ ಮತ್ತೆ ಶುರು ಮಾಡಿದರು. ತುಂಬಾ ಹೊತ್ತು ಹಿಡಿಯಿತು. ಒಂದೊಂದು ಮಾತೂ ಗಂಟಲಲ್ಲಿ ಸಿಕ್ಕಿಕೊಂಡು, ಒದ್ದಾಡಿ, ಹೊರಗೆ ಬಂತು. ಶಾಲೆಯ ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿಲ್ಲ, ದೊಡ್ಡ ಹುಡುಗಿಯರು ತಿಂಗಳಲ್ಲಿ ಕೆಲವು ದಿನ ಶಾಲೆಗೇ ಬರುತ್ತಿಲ್ಲ. ಇಷ್ಟೇ ವಿಷಯ. ನಂಜುಂಡಪ್ಪನವರು ಕೈ ಕಟ್ಟಿಕೊಂಡು, ಕಣ್ಣು ನೆಲಕ್ಕೆ ಹಾಕಿ, ಅಷ್ಟು ಹೊತ್ತೂ ಅಲ್ಲಾಡದೆ ನಿಂತಿದ್ದರು. ಮುಗಿದ ಮೇಲೆ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದರು.

ಮರುದಿನ ಆಫೀಸಿಗೆ ಬಂದಾಗ ನಾನು ಕುತೂಹಲ ತಡೆಯಲಾರದೆ, “ಹೆಂಗಸ್ರಿಗೆ ಸೀಟೇ ಬೇಡ ಅಂತಿದ್ರಲ್ಲ?” ಎಂದೆ.

“ಈಗ್ಲೂ ಅಂತೀನಿ. ಆದ್ರೆ ಗೆದ್ದು ಕೂತ್ಮೇಲೆ ಆಯಮ್ಮ ಮೆಂಬರ್ರು ಕಣಮ್ಮ. ನಂಗಿಷ್ಟ ಇಲ್ಲ ಅಂದ್ಬುಟ್ರೆ ಮೆಂಬರ್ ಅಲ್ದೆ ಹೋಯ್ತಾರಾ?”

ಅವರು ಪೇಪರ್ ಓದಲು ಬಂದದ್ದು ಅದೇ ಕೊನೆ. ಅಷ್ಟರಲ್ಲಾಗಲೇ ಗ್ರಾಮಸಭೆಯ ಒಂದು ರೀಲ್ಸ್ ಊರಿನ ಫೋನುಗಳಲ್ಲೆಲ್ಲ ಓಡಾಡುತ್ತಿತ್ತು. ನಂಜುಂಡಪ್ಪನವರು ಬಾಯಿ ತೆರೆದಾಗಲೆಲ್ಲ ಕತ್ತೆ ಕೂಗುವ ಸದ್ದು. ಅವರು ಕಟ್ಟೆಗೆ ಬಂದರೆ ಪಾರ್ಟಿಯವರು ಎದ್ದು ಹೋಗುತ್ತಿದ್ದರು. ಲೋಕೇಶ ಗುಬ್ಬಿಯಲ್ಲಿ ಕಟ್ಟಿಸಿದ ಮನೆಯ ಗೃಹಪ್ರವೇಶಕ್ಕೆ ಸೋದರಮಾವನನ್ನೇ ಕರೆಯಲಿಲ್ಲ. ಎದುರು ಪಾರ್ಟಿಯವರು ಶಾಲು, ಹಾರ ತೆಗೆದುಕೊಂಡು ಮನೆಗೆ ಹೋದರೆ, ಇವರು ಅಂಗಳದಲ್ಲೇ ಕೂರಿಸಿ ಎಳನೀರು ಕೊಟ್ಟು, “ನಾನು ನಿಮ್ ಕಡೆಗ್ ಬಂದಿಲ್ಲ ಕಣ್ರಪ್ಪ, ಶಾಲು ವಾಪಸ್ ತಗೊಂಡೋಗಿ” ಎಂದು ಕಳಿಸಿದರಂತೆ. ಹೀಗೆ ಎರಡೂ ಕಡೆಯವರಿಗೆ ಬೇಡವಾದರು.

ನನಗೆ ಕುಣಿಗಲ್ ಕಡೆಗೆ ವರ್ಗವಾಯಿತು. ಒಂದು ಮಧ್ಯಾಹ್ನ ತಲೆಯೆತ್ತಿ ನೋಡಿದರೆ ಆಫೀಸಿನ ಬಾಗಿಲಲ್ಲಿ ನಂಜುಂಡಪ್ಪನವರು. ಕುಣಿಗಲ್‌ನಲ್ಲಿ ನೆಂಟರ ಮನೆಗೆ ಬಂದಿದ್ದರಂತೆ. ಟೀ ಕುಡಿದು, ಮನೆಯವರನ್ನೆಲ್ಲ ವಿಚಾರಿಸಿಕೊಂಡು, ಕೊನೆಗೆ ಕೇಳಿದರು:

“ಅವತ್ತು ನಂದೊಂದು ಫೋನಲ್ಲಿ ಬಂತಂತಲ್ಲ. ನಂಗ್ಯಾರೂ ತೋರಿಸ್ಲಿಲ್ಲ. ನಿನ್ನತ್ರ ಐತಾ?”

ಬೇಡ ಎಂದೆ. ಕೇಳಲಿಲ್ಲ. ಹುಡುಕಿ ತೋರಿಸಿದೆ. ಕನ್ನಡಕ ಏರಿಸಿಕೊಂಡು, ಫೋನನ್ನು ದೂರ ಹಿಡಿದು ನೋಡಿದರು. ಕತ್ತೆ ಕೂಗಿತು. ಅವರ ಮುಖ ನೋಡಲಾಗದೆ ನಾನು ಕಿಟಕಿಯ ಕಡೆ ತಿರುಗಿದೆ. ಹಿಂದಿನಿಂದ ಕಿಸಕ್ಕನೆ ನಗು ಕೇಳಿತು. ಅವರು ನಕ್ಕದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

“ಸರಿಯಾಗಿ ಹೊಂದ್ಸವ್ರೆ ಕಣಮ್ಮ, ನನ್ ಬಾಯ್ಗೂ ಅದರ್ ಬಾಯ್ಗೂ” ಎಂದರು. ಮತ್ತೊಮ್ಮೆ ಹಾಕಿಸಿಕೊಂಡು ನೋಡಿದರು. ಈ ಸಲ ನಗಲಿಲ್ಲ. “ಆಯಮ್ಮ ಮಾತಾಡಿದ್ದು ಎಲ್ಲಿ? ಅಷ್ಟು ಕಷ್ಟಪಟ್ಟು ಆಡಿದ್ ಮಾತು. ಅದನ್ನೇ ಕತ್ತರ್ಸಿ ಎಸ್ದವ್ರೆ.”

ಫೋನನ್ನು ನನ್ನ ಕೈಗೆ ಕೊಟ್ಟು, “ಸ್ಕೂಲಿಗೆ ನೀರು ಬಂತು. ಲೋಕೇಶನೇ ನಿಂತು ಪೈಪ್ ಹಾಕ್ಸ್ದ. ಕೆಲ್ಸಕ್ಕೆ ಅವ್ನ ಬುಟ್ರೆ ಇಲ್ಲ” ಎಂದರು. ಹೇಳುವಾಗ ಅವರ ಮುಖದಲ್ಲಿ ಹೆಮ್ಮೆಯಿತ್ತೋ ಸಂಕಟವಿತ್ತೋ, ನನಗೆ ಬಿಡಿಸಿ ಹೇಳಲು ಬರುವುದಿಲ್ಲ. ಗುಬ್ಬಿ ಕಡೆಗೆ ಹೋಗಲು ಮೊದಲು ತುಮಕೂರು ಬಸ್ ಹತ್ತಬೇಕಿತ್ತು. ಹತ್ತಿಸಿ ಬಂದೆ.

ರಾಗಿ ಕೊಯ್ಲಿನ ಹೊತ್ತಿಗೆ ಅವರು ಹೋದ ಸುದ್ದಿ ಬಂತು. ತೋಟದಿಂದ ಬಂದವರು ಜಗುಲಿಯ ಮೇಲೆ ಕೂತು ನೀರು ಕೇಳಿದರಂತೆ, ತರುವಷ್ಟರಲ್ಲಿ ಇಲ್ಲ. ನಾನು ಹೋದಾಗ ಅಂಗಳ ತುಂಬಿತ್ತು. ಎದ್ದು ಹೋಗುತ್ತಿದ್ದ ಪಾರ್ಟಿಯವರು, ಶಾಲು ತಂದಿದ್ದವರು, ಎಲ್ಲ ಇದ್ದರು. ಸಾವಿತ್ರಮ್ಮ ಹೆಂಗಸರ ನಡುವೆ ಕೂತಿದ್ದರು. ಲೋಕೇಶ ಮಾವನ ಕಾಲ ಬಳಿ ಕೂತು ಜೋರಾಗಿ ಅಳುತ್ತಿದ್ದ. ಅವನ ಎದುರಿಗೆ ಅದೇ ಜೊತೆಗಾರ ಫೋನ್ ಹಿಡಿದು, ಎಡಕ್ಕೆ ಬಲಕ್ಕೆ ಸರಿಯುತ್ತ ವಿಡಿಯೋ ಮಾಡುತ್ತಿದ್ದ.

ನನ್ನ ಮೈ ಉರಿಯಿತು. ಇಲ್ಲೂ ಬಿಡಲಿಲ್ಲವಲ್ಲ ಇವನು ಎಂದುಕೊಂಡು ಹಿಂತಿರುಗಲು ಹೊರಟೆ. ಆದರೂ ಯಾಕೋ ಕಾಂಪೌಂಡಿನ ಹತ್ತಿರ ನಿಂತು ನೋಡಿದೆ. ಸಾಕಷ್ಟು ಆಯಿತೆನಿಸಿತೇನೋ, ಜೊತೆಗಾರ ಫೋನನ್ನು ಜೇಬಿಗೆ ಹಾಕಿಕೊಂಡು ಟೀ ಕೊಡುತ್ತಿದ್ದ ಕಡೆಗೆ ಹೋದ. ಲೋಕೇಶನ ಅಳು ನಿಲ್ಲಲಿಲ್ಲ. ಆಗ ಅದರಲ್ಲಿ ಸದ್ದಿರಲಿಲ್ಲ. ಹೆಗಲು ಮಾತ್ರ ಅಲುಗುತ್ತಿತ್ತು.